ಅಲ್ಪವೆಚ್ಚದಲ್ಲಿ ಪೇಟೆಯ ನಾಡಿಪರೀಕ್ಷೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತರು ತಂದು ಸುರಿದ ಗೂಡಿನ ರಾಶಿಗಳ ನಡುವೆ ನೂಲು ಬಿಚ್ಚಾಣಿಕೆದಾರರು ಸುಳಿದಾಡುತ್ತಿರುತ್ತಾರೆ. ನುರಿತ ಬಿಚ್ಚಾಣಿಕೆದಾರನು ರಾಶಿಯ ಮೇಲೆ ಕಾಣುವ ಗೂಡುಗಳನ್ನು ನೋಡಿ ತೃಪ್ತನಾಗುವುದಿಲ್ಲ. ಕೈಯನ್ನು ಒಳಕ್ಕೆ ತೂರಿಸಿ ತಳದಿಂದ ಒಂದು ಹಿಡಿ, ಮೂಲೆಯಿಂದ ಒಂದು ಹಿಡಿ ಎತ್ತುತ್ತಾನೆ. ಬೆರಳಿನಿಂದ ಒತ್ತಿ ಗೂಡಿನ ಗಟ್ಟಿತನವನ್ನು ಪರೀಕ್ಷಿಸುತ್ತಾನೆ. ಕಲೆಬಿದ್ದವು ಎಷ್ಟು, ತೆಳುವಾದವು ಎಷ್ಟು, ಎರಡು ಹುಳುಗಳು ಸೇರಿ ಕಟ್ಟಿದ ಜೋಡಿಗೂಡುಗಳು ಎಷ್ಟು ಎಂದು ನೋಡುತ್ತಾನೆ. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆ ತೆಗೆಯಲು ಈ ಗೂಡು ಆರೂವರೆ ಕಿಲೋ ಸಾಕೋ, ಎಂಟು ಕಿಲೋ ಬೇಕಾದೀತೋ ಎಂಬುದನ್ನು ಆ ಎರಡು ಮೂರು ಹಿಡಿಗಳಿಂದಲೇ ಅಂದಾಜು ಮಾಡಿ ಬೆಲೆ ಕಟ್ಟುತ್ತಾನೆ.

ಈ ಕೆಲಸದಲ್ಲಿ ಎರಡು ಪಾಠಗಳಿವೆ. ರಾಶಿಯ ಗುಣವನ್ನು ತಿಳಿಯುವುದಕ್ಕೆ ರಾಶಿಯನ್ನೆಲ್ಲ ಬಿಚ್ಚಬೇಕಾಗಿಲ್ಲ ಎಂಬುದು ಮೊದಲನೆಯದು. ಕೈಗೆ ಸುಲಭವಾಗಿ ಸಿಕ್ಕುವುದನ್ನೇ ಎತ್ತಿಕೊಂಡರೆ ಮೋಸಹೋಗುತ್ತೇವೆ ಎಂಬುದು ಎರಡನೆಯದು. ಮಾರುಕಟ್ಟೆ ಸಂಶೋಧನೆ ಎಂಬ ದೊಡ್ಡ ಹೆಸರಿನ ವಿದ್ಯೆಯ ಜೀವಾಳವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. ಯಾವ ಸರಕು ಯಾರಿಗೆ ಬೇಕು, ಎಷ್ಟು ಬೇಕು, ಯಾವ ಬೆಲೆಗೆ ಬೇಕು ಎಂಬುದನ್ನು ಸರಕು ತಯಾರಿಸುವ ಮುನ್ನವೇ ತಿಳಿದುಕೊಳ್ಳುವ ಈ ವಿದ್ಯೆಯು ಕೋಟಿಗಟ್ಟಲೆ ಬಂಡವಾಳವುಳ್ಳ ಕಂಪನಿಗಳಿಗೆ ಮಾತ್ರ ಸಾಧ್ಯವೆಂಬ ಭಾವನೆ ಬಲವಾಗಿ ಬೇರೂರಿದೆ. ನಿಜವಾಗಿ ಇದರ ಅವಶ್ಯಕತೆ ಹೆಚ್ಚಾಗಿರುವುದು ಸಣ್ಣ ಬಂಡವಾಳದವರಿಗೇ. ದೊಡ್ಡ ಕಂಪನಿಯು ಒಂದು ಸರಕಿನಲ್ಲಿ ಸೋತರೆ ಇನ್ನೊಂದರಲ್ಲಿ ಗೆಲ್ಲಬಹುದು. ಸಣ್ಣ ಸಂಸಾರದ ಉಳಿತಾಯಕ್ಕೆ ಎರಡನೆಯ ಅವಕಾಶ ದೊರೆಯುವುದು ಅಪರೂಪ.

ಒಂದು ಊರು, ಒಂದು ಪ್ರಶ್ನೆ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿರುವ ತಲಘಟ್ಟಪುರವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ಇಲ್ಲಿಯೇ. 2021ರ ಜನವರಿಯಲ್ಲಿ ಮೆಟ್ರೊ ರೈಲಿನ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ಮುಂದಕ್ಕೆ ಸುಮಾರು ಆರು ಕಿಲೋಮೀಟರ್ ಬೆಳೆದು, ತಲಘಟ್ಟಪುರವನ್ನು ಹಾದು, ರೇಷ್ಮೆ ಸಂಸ್ಥೆಯ ಹೆಸರಿನ ನಿಲ್ದಾಣವನ್ನು ಮುಟ್ಟಿತು. ಹಳೆಯ ಊರಿನ ಮನೆಗಳು, ನಿವೇಶನಗಳ ಬಡಾವಣೆಗಳು, ಬಹುಮಹಡಿಯ ವಸತಿ ಸಮುಚ್ಚಯಗಳು—ಹೀಗೆ ಮೂರು ಬಗೆಯ ಬಾಳು ಇಲ್ಲಿ ಅಕ್ಕಪಕ್ಕದಲ್ಲಿ ನಡೆಯುತ್ತಿದೆ.

ಈ ಊರಿನ ಹತ್ತು ಮಂದಿ ಮಹಿಳೆಯರ ಸ್ವಸಹಾಯ ಸಂಘವೊಂದು ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ತಯಾರಿಸಿ ಮಾರಬೇಕೆಂದು ಯೋಚಿಸುತ್ತಿದೆಯೆಂದು ಭಾವಿಸೋಣ. ಹುರಿಯುವ ಯಂತ್ರಕ್ಕೂ ಗಿರಣಿಗೂ ಒಂದೂವರೆ ಲಕ್ಷ ರೂಪಾಯಿ ಬೇಕು. ಅದರಲ್ಲಿ ಅರ್ಧ ಅವರ ವರ್ಷಗಳ ಉಳಿತಾಯ, ಅರ್ಧ ಸಾಲ. ಅವರು ತಲುಪಬಲ್ಲ ಸುತ್ತಳತೆಯಲ್ಲಿ 3,000 ಮನೆಗಳಿವೆ. ವಿಚಾರಣೆಗಾಗಿ ಖರ್ಚು ಮಾಡಬಲ್ಲ ಹಣ 3,000 ರೂಪಾಯಿ. ಈ ಸಂಘವೂ ಈ ಅಂಕಿಗಳೂ ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ನಾವು ಕಲ್ಪಿಸಿಕೊಂಡವು. ಲೆಕ್ಕದ ರೀತಿಯಾದರೋ ಎಲ್ಲ ಊರಿಗೂ ಒಂದೇ.

ಮನೆಯಲ್ಲೇ ಕುಳಿತು ಮಾಡುವ ಕೆಲಸ

ವಿಚಾರಣೆಯ ಮೊದಲನೆಯ ಹಂತಕ್ಕೆ ಕಾಗದ ಮತ್ತು ಸೀಸದಕಡ್ಡಿಯ ಹೊರತು ಬೇರೆ ಖರ್ಚಿಲ್ಲ. ಜನರನ್ನು ಕೇಳುವುದಕ್ಕೆ ಮುಂಚೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಎಷ್ಟು ಮಂದಿ ಕೊಂಡರೆ ನಮಗೆ ಗಿಟ್ಟುತ್ತದೆ? ಸಂಘದ ಬಾಡಿಗೆ, ವಿದ್ಯುತ್ತು, ಸಾಲದ ಕಂತು ಸೇರಿ ತಿಂಗಳಿಗೆ 12,000 ರೂಪಾಯಿ ಆಗುತ್ತದೆನ್ನೋಣ. ರಾಗಿಯ ಬೆಲೆ, ಕೂಲಿ, ಪೊಟ್ಟಣದ ಖರ್ಚು ಕಳೆದು ಕಿಲೋ ಒಂದಕ್ಕೆ 40 ರೂಪಾಯಿ ಉಳಿಯುವುದಾದರೆ, ತಿಂಗಳಿಗೆ 300 ಕಿಲೋ ಮಾರಾಟವಾಗಲೇಬೇಕು. ಮನೆಗೆ ಎರಡು ಕಿಲೋದಂತೆ 150 ಮನೆಗಳು ಬೇಕು. ಅಂದರೆ 3,000 ಮನೆಗಳಲ್ಲಿ ಶೇಕಡ 5.

ಈಗ ಪ್ರಶ್ನೆ ಎಷ್ಟು ಸ್ಪಷ್ಟವಾಯಿತೆಂಬುದನ್ನು ಗಮನಿಸಿರಿ. ‘ಜನಕ್ಕೆ ರಾಗಿಹಿಟ್ಟು ಇಷ್ಟವೇ?’ ಎಂಬುದು ಪ್ರಶ್ನೆಯಲ್ಲ. ‘ನೂರಕ್ಕೆ ಐದು ಮನೆಗಳಾದರೂ ತಪ್ಪದೆ ಕೊಳ್ಳುತ್ತವೆಯೇ?’ ಎಂಬುದು ಪ್ರಶ್ನೆ. ಯಾವ ಉತ್ತರ ಬಂದರೆ ಏನು ಮಾಡುತ್ತೇವೆಂಬುದು ಮೊದಲೇ ನಿಶ್ಚಯವಾಗದಿದ್ದರೆ, ವಿಚಾರಣೆಗೆ ಖರ್ಚು ಮಾಡಿದ ಒಂದು ರೂಪಾಯಿಯೂ ದಂಡವೇ.

ಎರಡನೆಯ ಹಂತವು ಪರರು ಈಗಾಗಲೇ ಸಂಗ್ರಹಿಸಿಟ್ಟಿರುವ ಅಂಕಿಗಳನ್ನು ನೋಡುವುದು. ಭಾರತದ ಜನಗಣತಿಯ ಪಟ್ಟಿಗಳು ಎಲ್ಲರಿಗೂ ತೆರೆದಿವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ನಡೆಸುವ ಕುಟುಂಬ ವೆಚ್ಚದ ಸಮೀಕ್ಷೆಯ ಫಲಿತಾಂಶಗಳೂ ಹಾಗೆಯೇ. 2023–24ರ ಸಮೀಕ್ಷೆಯಂತೆ ಭಾರತದ ಗ್ರಾಮಗಳಲ್ಲಿ ತಲೆಯೊಂದಕ್ಕೆ ತಿಂಗಳ ಸರಾಸರಿ ವೆಚ್ಚ 4,122 ರೂಪಾಯಿ, ಪಟ್ಟಣಗಳಲ್ಲಿ 6,996 ರೂಪಾಯಿ. ಇಂಥ ಅಂಕಿಗಳು ಕೊಳ್ಳುವವರ ಶಕ್ತಿಯನ್ನು ಸ್ಥೂಲವಾಗಿ ತಿಳಿಸುತ್ತವೆ. ಆದರೆ ಅಂಕಿಗೂ ವಯಸ್ಸುಂಟು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65,37,124 ಇದ್ದುದು 2011ರಲ್ಲಿ 96,21,551 ಆಯಿತು. ಹತ್ತೇ ವರ್ಷಗಳಲ್ಲಿ ಹೆಚ್ಚುಕಡಮೆ ಒಂದೂವರೆಯಷ್ಟು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದಕ್ಕೆ ಹೋಯಿತು. ಆದುದರಿಂದ ಮೆಟ್ರೊ ಬಂದ ಬಳಿಕ ತಲಘಟ್ಟಪುರದ ಸುತ್ತ ಆದ ಬದಲಾವಣೆ 2011ರ ಪಟ್ಟಿಯಲ್ಲಿ ಸಿಕ್ಕುವುದಿಲ್ಲ. ಬೀದಿ ಬೀದಿ ನಡೆದು ಮನೆಗಳನ್ನು ಎಣಿಸಿ ನಕ್ಷೆ ಬರೆದುಕೊಳ್ಳುವುದೇ ಇದಕ್ಕೆ ಪರಿಹಾರ. ಎರಡು ಭಾನುವಾರಗಳ ಕೆಲಸ.

ಎಷ್ಟು ಮಂದಿಯನ್ನು ಕೇಳಬೇಕು?

ಇನ್ನು ಮನೆಗಳ ಬಾಗಿಲಿಗೆ ಹೋಗುವ ಕಾಲ. 3,000 ಮನೆಗಳಲ್ಲಿ ಎಷ್ಟನ್ನು ಕೇಳಿದರೆ ಸಾಕು? ಇಲ್ಲಿ ಸಂಖ್ಯಾಶಾಸ್ತ್ರವು ಬಡವರ ಪಕ್ಷವನ್ನು ವಹಿಸುತ್ತದೆ. ಯಾವ ಮುಲಾಜೂ ಇಲ್ಲದೆ ಚೀಟಿ ಎತ್ತಿದಂತೆ ಆರಿಸಿದ 100 ಮನೆಗಳನ್ನು ಕೇಳಿ, ಅರ್ಧದಷ್ಟು ಮಂದಿ ಒಂದು ಸರಕನ್ನು ಕೊಳ್ಳುತ್ತಾರೆಂದು ತಿಳಿದುಬಂದರೆ, ನಿಜವಾದ ಪ್ರಮಾಣವು ಶೇಕಡ 40ಕ್ಕೂ 60ಕ್ಕೂ ನಡುವೆ ಇರುತ್ತದೆ. ಇಂಥ ವಿಚಾರಣೆಯನ್ನು ಇಪ್ಪತ್ತು ಸಲ ಮಾಡಿದರೆ ಸುಮಾರು ಹತ್ತೊಂಬತ್ತು ಸಲ ಈ ಮಾತು ನಿಲ್ಲುತ್ತದೆ. 400 ಮನೆಗಳನ್ನು ಕೇಳಿದರೆ ಈ ಹತ್ತರ ಅಂತರವು ಐದಕ್ಕೆ ಇಳಿಯುತ್ತದೆ. 1,600 ಮನೆಗಳಾದರೆ ಎರಡೂವರೆಗೆ. ಅಂದರೆ ತಪ್ಪನ್ನು ಅರ್ಧ ಮಾಡಬೇಕಾದರೆ ಖರ್ಚನ್ನು ನಾಲ್ಕು ಪಟ್ಟು ಮಾಡಬೇಕು. ತಪ್ಪು ಕುಗ್ಗುವುದು ಮನೆಗಳ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ. ಇದು ವರ್ಗಮೂಲದ ನಿಯಮ. ಮೊದಲ ನೂರು ಮನೆಗಳಿಂದ ದೊರೆಯುವಷ್ಟು ಜ್ಞಾನವು ಆಮೇಲಿನ ಯಾವ ನೂರು ಮನೆಗಳಿಂದಲೂ ದೊರೆಯುವುದಿಲ್ಲ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಊರು ಸಾಕಷ್ಟು ದೊಡ್ಡದಾಗಿದ್ದರೆ, ಅದರಲ್ಲಿ ಹತ್ತು ಸಾವಿರ ಮನೆಗಳಿರಲಿ, ಹತ್ತು ಲಕ್ಷ ಮನೆಗಳಿರಲಿ, ನೂರು ಮನೆಗಳ ವಿಚಾರಣೆಯ ನಿಖರತೆ ಹೆಚ್ಚುಕಡಮೆ ಒಂದೇ. ಮೇಲೆ ಹೇಳಿದ ಕುಟುಂಬ ವೆಚ್ಚದ ಸಮೀಕ್ಷೆಗೆ ಇಡೀ ಭಾರತದಲ್ಲಿ ಕೇಳಿದ್ದು ಸುಮಾರು 2 ಲಕ್ಷ 62 ಸಾವಿರ ಕುಟುಂಬಗಳನ್ನು ಮಾತ್ರ.

ಯಾರನ್ನು ಕೇಳಬೇಕು?

ಸಂಖ್ಯೆಯು ಇಷ್ಟು ಉದಾರವಾಗಿರುವುದು ಒಂದು ಷರತ್ತಿನ ಮೇಲೆ. ಮನೆಗಳನ್ನು ಆರಿಸುವುದರಲ್ಲಿ ಪಕ್ಷಪಾತವಿರಬಾರದು. ಈ ಷರತ್ತನ್ನು ಮರೆತವರಿಗೆ ಏನಾಗುತ್ತದೆಂಬುದಕ್ಕೆ ಅಮೆರಿಕದ 1936ರ ಅಧ್ಯಕ್ಷ ಚುನಾವಣೆಯು ಪ್ರಸಿದ್ಧ ನಿದರ್ಶನ. ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಮಂದಿಗೆ ಅಂಚೆಯ ಮೂಲಕ ಮತಚೀಟಿಗಳನ್ನು ಕಳುಹಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳ ಆಧಾರದಿಂದ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಚುನಾವಣೆಯಲ್ಲಿ ರೂಸ್‌ವೆಲ್ಟರು 48 ಸಂಸ್ಥಾನಗಳ ಪೈಕಿ 46ನ್ನು ಗೆದ್ದರು. ಜಾರ್ಜ್ ಗ್ಯಾಲಪ್ ಎಂಬವರು ಸುಮಾರು 50,000 ಮಂದಿಯನ್ನು ಮಾತ್ರ ವಿಚಾರಿಸಿ ರೂಸ್‌ವೆಲ್ಟರ ಗೆಲುವನ್ನು ಮುಂಚೆಯೇ ಹೇಳಿದ್ದರು.

ಇಪ್ಪತ್ತಮೂರು ಲಕ್ಷ ಉತ್ತರಗಳು ಸುಳ್ಳಾದುದು ಹೇಗೆ? ಪತ್ರಿಕೆಯು ವಿಳಾಸಗಳನ್ನು ಆರಿಸಿದ್ದು ಬಹುಮಟ್ಟಿಗೆ ಟೆಲಿಫೋನ್ ಮತ್ತು ಮೋಟಾರು ವಾಹನಗಳ ಪಟ್ಟಿಗಳಿಂದ. ಆ ಕಷ್ಟಕಾಲದಲ್ಲಿ ಅವೆರಡೂ ಇದ್ದುದು ಉಳ್ಳವರ ಬಳಿ. ಅದರ ಮೇಲೆ, ಚೀಟಿ ಬಂದವರಲ್ಲಿ ಕಾಲುಭಾಗದಷ್ಟು ಮಂದಿ ಮಾತ್ರ ಉತ್ತರ ಬರೆದರು. ಉತ್ತರ ಬರೆಯುವ ಉತ್ಸಾಹವಿದ್ದವರ ಮನಸ್ಸೂ ಸುಮ್ಮನಿದ್ದವರ ಮನಸ್ಸೂ ಒಂದೇ ಆಗಿರಲಿಲ್ಲ. ಪತ್ರಿಕೆಯು ಇನ್ನೊಂದು ಕೋಟಿ ಚೀಟಿಗಳನ್ನು ಅದೇ ಪಟ್ಟಿಗಳಿಂದ ಕಳುಹಿಸಿದ್ದರೂ ಅದೇ ತಪ್ಪು ಇನ್ನಷ್ಟು ಧೈರ್ಯದಿಂದ ಹೊರಬರುತ್ತಿತ್ತು. ಆಕಸ್ಮಿಕವಾದ ತಪ್ಪನ್ನು ಹಣ ಕಡಮೆ ಮಾಡುತ್ತದೆ. ಪಕ್ಷಪಾತದ ತಪ್ಪನ್ನು ಎಷ್ಟು ಹಣ ಸುರಿದರೂ ಕಡಮೆ ಮಾಡಲಾಗದು.

ಈ ಕಾಲದಲ್ಲಿ ಅದೇ ತಪ್ಪು ಮೊಬೈಲಿನ ರೂಪದಲ್ಲಿ ನಮ್ಮ ಮುಂದೆ ಬರುತ್ತದೆ. ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ವಾಟ್ಸಾಪಿನಲ್ಲಿ ಬಂಧುಬಳಗಕ್ಕೆ ಕಳುಹಿಸಿ ಬಿಡುವುದು ಬಹು ಸುಲಭ, ಖರ್ಚೂ ಇಲ್ಲ. ಆದರೆ ಉತ್ತರ ಕೊಡುವವರು ನಮ್ಮವರೇ, ನಮ್ಮ ಮೇಲೆ ಪ್ರೀತಿಯುಳ್ಳವರೇ. ಇದು ರಾಶಿಯ ಮೇಲಿನ ಗೂಡನ್ನು ಎತ್ತಿಕೊಂಡಂತೆ.

ಸಂಘದವರು ಬೇರೆ ರೀತಿಯಲ್ಲಿ ನಡೆಯಲಿ. ತಮ್ಮ ನಕ್ಷೆಯಲ್ಲಿ ಹಳೆಯ ಊರಿನ 600, ಬಡಾವಣೆಗಳ 900, ವಸತಿ ಸಮುಚ್ಚಯಗಳ 1,500 ಮನೆಗಳಿಗೆ ಒಂದರಿಂದ ಅನುಕ್ರಮವಾಗಿ ಸಂಖ್ಯೆ ಹಾಕಲಿ. 1ರಿಂದ 30ರವರೆಗಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಒಂದನ್ನು ಎತ್ತಲಿ. 17 ಬಂದಿತೆನ್ನೋಣ, ಆಗ 17, 47, 77, 107—ಹೀಗೆ ಪ್ರತಿ ಮೂವತ್ತನೆಯ ಮನೆಗೆ ಹೋಗಬೇಕು. ಒಟ್ಟು ನೂರು ಮನೆಗಳಾಗುತ್ತವೆ. ಹಳೆಯ ಊರಿಗೆ 20, ಬಡಾವಣೆಗೆ 30, ಸಮುಚ್ಚಯಕ್ಕೆ 50 ತಾವಾಗಿಯೇ ಹಂಚಿಹೋಗುತ್ತವೆ. ಬಾಗಿಲು ಹಾಕಿರುವ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋಗಬಾರದು. ಹಗಲಿನಲ್ಲಿ ಬೀಗ ಬಿದ್ದಿರುವ ಮನೆಯವರು ಕೆಲಸಕ್ಕೆ ಹೋದವರು. ಸಿದ್ಧ ಹಿಟ್ಟನ್ನು ಹುಡುಕುವವರು ಅವರೇ ಇರಬಹುದು. ಸಂಜೆ ಒಮ್ಮೆ, ಭಾನುವಾರ ಒಮ್ಮೆ ಮತ್ತೆ ಹೋಗಬೇಕು. ಸಮುಚ್ಚಯದ ಕಾವಲುಗಾರ ಒಳಗೆ ಬಿಡದಿದ್ದರೆ ನಿವಾಸಿಗಳ ಸಂಘದ ಕಾರ್ಯದರ್ಶಿಯ ಅನುಮತಿಯನ್ನು ಪಡೆಯಬೇಕು. ಮನೆಗೆ ಹತ್ತು ನಿಮಿಷದಂತೆ ನೂರು ಮನೆಗಳ ಮಾತುಕತೆಗೆ ಹದಿನೇಳು ಗಂಟೆ. ಓಡಾಟ ಸೇರಿ ಇಬ್ಬರಿಗೆ ಎರಡು ವಾರಗಳ ಸಂಜೆಯ ಕೆಲಸ.

ಎರಡು ಪುಸ್ತಕಗಳ ಉಪಾಯ

ಸಂಗ್ರಹಿಸಿದ ಉತ್ತರಗಳು ನಂಬಲು ಯೋಗ್ಯವೇ ಎಂಬುದನ್ನು ಪರೀಕ್ಷಿಸುವ ಸುಲಭೋಪಾಯವನ್ನು ನಮ್ಮ ದೇಶದವರೇ ಆದ ಪ್ರಶಾಂತಚಂದ್ರ ಮಹಲನೋಬಿಸರು ತೋರಿಸಿಕೊಟ್ಟಿದ್ದಾರೆ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿದ ಇವರು, 1937ರಿಂದ ಮುಂದಕ್ಕೆ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿಗಳ ಮೂಲಕ ಅಂದಾಜು ಮಾಡಿದರು. ಮೊದಲು ಸಣ್ಣ ಪ್ರದೇಶದಲ್ಲಿ ಪ್ರಯೋಗಾರ್ಥವಾಗಿ ಸಮೀಕ್ಷೆ, ಅದರ ತಪ್ಪುಗಳನ್ನು ತಿದ್ದಿಕೊಂಡು ವರ್ಷವರ್ಷವೂ ವಿಸ್ತರಣೆ—ಇದು ಅವರ ಕ್ರಮ. ಒಂದೇ ಪ್ರದೇಶದ ಮಾದರಿಯನ್ನು ಎರಡು ಸಮಭಾಗ ಮಾಡಿ, ಒಂದರೊಳಗೊಂದು ಹೆಣೆದಂತೆ ಹಂಚಿ, ಬೇರೆ ಬೇರೆ ತಂಡಗಳಿಗೆ ಒಪ್ಪಿಸುತ್ತಿದ್ದರು. ಎರಡು ತಂಡಗಳ ಉತ್ತರಗಳು ಸಮೀಪವಾಗಿದ್ದರೆ ಸರಿ. ದೂರವಾಗಿದ್ದರೆ ಎಲ್ಲಿಯೋ ದೋಷವಿದೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆ ಇದ್ದುದೂ ಇವರ ಬುದ್ಧಿಯೇ. 1951–52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಅಂದಿನ ಮೈಸೂರು ಸಂಸ್ಥಾನದಲ್ಲಿ ನಡೆಸಿದ ಜನಸಂಖ್ಯೆಯ ಅಧ್ಯಯನವೂ ಆಯ್ದ ಪ್ರದೇಶಗಳ ವಿಚಾರಣೆಯನ್ನೇ ಆಧರಿಸಿತ್ತು.

ನಮ್ಮ ಸಂಘದಲ್ಲಿ ಇಬ್ಬರು ಹೊರಡುವುದರಿಂದ ಈ ಉಪಾಯಕ್ಕೆ ಬೇಕಾದುದು ಎರಡು ಪುಸ್ತಕಗಳು ಮಾತ್ರ. 17ನೆಯ ಮನೆಗೆ ಒಬ್ಬರು, 47ನೆಯ ಮನೆಗೆ ಇನ್ನೊಬ್ಬರು, 77ಕ್ಕೆ ಮತ್ತೆ ಮೊದಲಿನವರು; ಹೀಗೆ ತಲಾ ಐವತ್ತು. ಒಬ್ಬರ ಪುಸ್ತಕದಲ್ಲಿ ಕೊಳ್ಳುವವರು 8, ಇನ್ನೊಬ್ಬರದರಲ್ಲಿ 7 ಇದ್ದರೆ ಚಿಂತೆಯಿಲ್ಲ. ಒಬ್ಬರದರಲ್ಲಿ 12, ಇನ್ನೊಬ್ಬರದರಲ್ಲಿ 3 ಇದ್ದರೆ ಅದನ್ನು ಬರಿಯ ಆಕಸ್ಮಿಕವೆನ್ನುವುದು ಕಷ್ಟ; ಇಬ್ಬರೂ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಕೇಳಿಲ್ಲವೆಂದು ಸಂಶಯಿಸಬೇಕು.

ಹೇಗೆ ಕೇಳಬೇಕು?

ಕನ್ನಡನಾಡಿನ ಮನೆಯ ಬಾಗಿಲಲ್ಲಿ ನಿಂತು ‘ನಾವು ರಾಗಿಹಿಟ್ಟು ಮಾಡಿದರೆ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವವರು ಕಡಮೆ. ‘ಓಹೋ, ಮಾಡಿ, ನೋಡೋಣ’ ಎನ್ನುತ್ತಾರೆ. ನಮ್ಮಲ್ಲಿ ‘ನೋಡೋಣ’ ಎಂಬುದು ಅನೇಕ ವೇಳೆ ಮನಸ್ಸನ್ನು ನೋಯಿಸದೆ ಹೇಳುವ ‘ಇಲ್ಲ’. ದಾಕ್ಷಿಣ್ಯದಿಂದ ಬಂದ ಇಂಥ ಮಾತುಗಳನ್ನು ಒಪ್ಪಿಗೆಯೆಂದು ಬರೆದುಕೊಂಡು ಬಂಡವಾಳ ಹೂಡಿದರೆ ಅನರ್ಥವಾಗುತ್ತದೆ.

ಆದುದರಿಂದ ಮುಂದೆ ಮಾಡಲಿರುವುದನ್ನು ಕೇಳದೆ ಹಿಂದೆ ಮಾಡಿದುದನ್ನು ಕೇಳಬೇಕು. ಕಳೆದ ತಿಂಗಳು ರಾಗಿಹಿಟ್ಟು ಕೊಂಡಿರಾ? ಯಾವ ಅಂಗಡಿಯಲ್ಲಿ? ಎಷ್ಟು ಕಿಲೋ? ಏನು ಬೆಲೆ? ಮನೆಯಲ್ಲಿ ಯಾರಿಗಾಗಿ? ರಾಗಿಯನ್ನು ನೀವೇ ಗಿರಣಿಗೆ ಕೊಟ್ಟು ಬೀಸಿಸುತ್ತೀರಾ? ಇವಕ್ಕೆ ಉತ್ತರ ಹೇಳುವುದರಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ‘ಪುಷ್ಟಿಕರವಾದ ಮೊಳಕೆ ರಾಗಿ ಒಳ್ಳೆಯದಲ್ಲವೆ?’ ಎಂಬಂತೆ ಉತ್ತರವನ್ನು ಬಾಯಿಗಿಡುವ ಪ್ರಶ್ನೆಯನ್ನು ಕೇಳಲೇಬಾರದು. ಉತ್ತರ ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬಾರದು. ಹೆಸರು, ದೂರವಾಣಿಯ ಸಂಖ್ಯೆಗಳನ್ನು ಅನಾವಶ್ಯಕವಾಗಿ ಬರೆದುಕೊಳ್ಳಲೂಬಾರದು.

ನೂರು ಮನೆಗಳಿಗೆ ಹೊರಡುವ ಮೊದಲು ಹತ್ತು ಮನೆಗಳಲ್ಲಿ ಈ ಪ್ರಶ್ನೆಗಳನ್ನು ಪ್ರಯೋಗಿಸಿ ನೋಡುವುದು ಲೇಸು. ಹತ್ತು ಮನೆ ಅತ್ಯಲ್ಪವೆಂದು ತೋರಬಹುದು. ಆದರೆ ನೂರಕ್ಕೆ ಮೂವತ್ತು ಮಂದಿಗೆ ಇರುವ ತೊಂದರೆಯೊಂದು—ಹಿಟ್ಟಿನಲ್ಲಿ ಹುಳು ಬೀಳುತ್ತದೆ ಎಂಬಂಥದು—ಹತ್ತು ಮನೆಗಳಲ್ಲಿ ಒಮ್ಮೆಯಾದರೂ ಕಿವಿಗೆ ಬೀಳುವ ಸಂಭವ ಶೇಕಡ 97. ಎಣಿಸುವುದಕ್ಕೆ ನೂರು ಬೇಕಾದರೂ ಎಚ್ಚರಿಕೆಗೆ ಹತ್ತು ಸಾಕು.

ಉತ್ತರವನ್ನು ಓದುವ ಬಗೆ

ನೂರು ಮನೆಗಳಲ್ಲಿ 15 ಮನೆಯವರು ಕಳೆದ ತಿಂಗಳು ಸಿದ್ಧ ರಾಗಿಹಿಟ್ಟನ್ನು ಕೊಂಡಿದ್ದರೆನ್ನೋಣ. ಬೇಕಾದುದು ಶೇಕಡ 5, ಸಿಕ್ಕಿದ್ದು 15, ಯಂತ್ರ ತರಬಹುದಲ್ಲವೆ? ಅವಸರ ಬೇಡ. ಮಾದರಿಯ ತಪ್ಪನ್ನು ಲೆಕ್ಕ ಹಾಕಿದರೆ ನಿಜವಾದ ಪ್ರಮಾಣ 8ರಿಂದ 22ರವರೆಗೆ ಎಲ್ಲಿಯಾದರೂ ಇರಬಹುದು. ಅಂದರೆ 240 ಮನೆಗಳಿಂದ 660 ಮನೆಗಳವರೆಗೆ. ಇವರೆಲ್ಲ ಈಗ ಬೇರೆಯವರ ಗಿರಾಕಿಗಳು. 150 ಮನೆಗಳು ಸಂಘದ ಕಡೆಗೆ ತಿರುಗಬೇಕಾದರೆ, 660ರಲ್ಲಿ ಕಾಲುಭಾಗಕ್ಕಿಂತ ಕಡಮೆ ಸಾಕು; 240ರಲ್ಲಾದರೆ ಐದರಲ್ಲಿ ಮೂರು ಪಾಲಿಗಿಂತ ಹೆಚ್ಚು ಬೇಕು. ಮೊದಲನೆಯದು ಸಾಧ್ಯ, ಎರಡನೆಯದು ಬಹು ಕಷ್ಟ. ಸಮೀಕ್ಷೆಯು ‘ಮಾಡಿ’ ಎಂದೂ ಹೇಳಲಿಲ್ಲ, ‘ಬೇಡ’ ಎಂದೂ ಹೇಳಲಿಲ್ಲ. ಮುಂದಿನ ಪ್ರಶ್ನೆ ಯಾವುದೆಂದು ಹೇಳಿತು.

ಒಂದು ವೇಳೆ ಒಬ್ಬರೂ ಕೊಂಡಿರದಿದ್ದರೆ? ಅದಕ್ಕೂ ಸುಲಭವಾದ ಸೂತ್ರವಿದೆ. ಕೇಳಿದ ಮನೆಗಳ ಸಂಖ್ಯೆಯಿಂದ ಮೂರನ್ನು ಭಾಗಿಸಿದರೆ ಬರುವುದೇ ನಿಜವಾದ ಪ್ರಮಾಣದ ಮೇಲಿನ ಎಲ್ಲೆ. 60 ಮನೆಗಳಲ್ಲಿ ಒಬ್ಬರೂ ಇಲ್ಲವೆಂದರೆ, ಕೊಳ್ಳುವವರು ಶೇಕಡ 5ಕ್ಕಿಂತ ಹೆಚ್ಚಿರುವ ಸಂಭವ ತೀರ ಕಡಮೆ. ಆಗ ಅಲ್ಲಿಗೇ ನಿಲ್ಲಿಸಿ ಉಳಿದ ನಲವತ್ತು ಮನೆಗಳ ಶ್ರಮವನ್ನು ಉಳಿಸಿಕೊಳ್ಳಬಹುದು.

ಕೊನೆಯ ಪರೀಕ್ಷೆ ಮಾರಾಟವೇ. ಆಹಾರ ಪದಾರ್ಥವಾದುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನು ಪಡೆದು, ಯಂತ್ರವನ್ನು ಕೊಳ್ಳದೆ, ಊರಿನ ಗಿರಣಿಯಲ್ಲಿಯೇ ಕೂಲಿಗೆ ಬೀಸಿಸಿ, ಚೀಟಿಯಿಂದ ಆರಿಸಿದ ಬೀದಿಗಳ 300 ಮನೆಗಳಿಗೆ ಎರಡು ತಿಂಗಳು ಮಾರಿ ನೋಡಲಿ. ಬೆಲೆಯನ್ನು ನಿಜವಾದ ಬೆಲೆಯಂತೆಯೇ ಇಡಬೇಕು. ಪುಕ್ಕಟೆ ಕೊಟ್ಟರೆ ತಿಳಿಯುವುದು ಏನೂ ಇಲ್ಲ. ಮೊದಲನೆಯ ಪೊಟ್ಟಣವನ್ನು ದಾಕ್ಷಿಣ್ಯ ಕೊಳ್ಳುತ್ತದೆ. ಎರಡನೆಯದನ್ನು ನಾಲಗೆ ಕೊಳ್ಳುತ್ತದೆ. ಆದುದರಿಂದ ಎಣಿಸಬೇಕಾದುದು ಮರಳಿ ಕೊಂಡವರನ್ನು. 300ಕ್ಕೆ ಶೇಕಡ 5 ಎಂದರೆ 15 ಮನೆಗಳು. ಸ್ವಲ್ಪ ಭದ್ರತೆಗಾಗಿ 20 ಎಂದು ಗೊತ್ತುಮಾಡಿ, ಅದನ್ನು ಸಂಘದ ಪುಸ್ತಕದಲ್ಲಿ ಮೊದಲೇ ಬರೆದಿಡಬೇಕು. ಫಲಿತಾಂಶ ಬಂದ ಮೇಲೆ ಎಲ್ಲೆಯನ್ನು ಸರಿಸುವ ಆಸೆ ಎಲ್ಲರಿಗೂ ಹುಟ್ಟುವಂಥದು.

ಇದೇ ಬೆಂಗಳೂರಿನಲ್ಲಿ ಈ ಕ್ರಮಕ್ಕೆ ಒಂದು ನಿದರ್ಶನವಿದೆ. 2005ರಲ್ಲಿ ಪಿ. ಸಿ. ಮುಸ್ತಫಾ ಮತ್ತು ಅವರ ಬಂಧುಗಳು ಪುಟ್ಟ ಅಡುಗೆಮನೆಯೊಂದರಲ್ಲಿ ‘ಐಡಿ’ ಎಂಬ ಹೆಸರಿನಿಂದ ದೋಸೆ, ಇಡ್ಲಿಗಳ ಹಿಟ್ಟನ್ನು ಮಾಡಲು ತೊಡಗಿದರು. ಸುಮಾರು ಇಪ್ಪತ್ತು ಅಂಗಡಿಗಳಲ್ಲಿ ದಿನಕ್ಕೆ ನೂರು ಪೊಟ್ಟಣಗಳು ಮಾರಾಟವಾದ ಮೇಲೆ ಮಾತ್ರ ಹೆಚ್ಚಿನ ಬಂಡವಾಳವೆಂದು ನಿಶ್ಚಯಿಸಿಕೊಂಡಿದ್ದುದಾಗಿಯೂ, ಆ ಸಂಖ್ಯೆಯನ್ನು ಮುಟ್ಟಲು ತಿಂಗಳುಗಳೇ ಹಿಡಿದವೆಂದೂ ಮುಸ್ತಫಾ ಹೇಳಿದ್ದಾರೆ. ಇಂದು ಅದು ದೇಶದ ಅನೇಕ ನಗರಗಳಲ್ಲಿ ಮಾರಾಟವಾಗುವ ಸರಕು. ಗಮನಿಸತಕ್ಕದ್ದೆಂದರೆ, ಸಂಖ್ಯೆಯನ್ನು ಅವರು ಮೊದಲು ಗೊತ್ತುಮಾಡಿದರು, ಹಣವನ್ನು ಅನಂತರ ಹೂಡಿದರು.

ಹಣ ಕಡಮೆಯಿರುವವರು ಮಾದರಿಯ ಗಾತ್ರವನ್ನು ಕುಗ್ಗಿಸಬಹುದು, ಅಚ್ಚಿನ ಖರ್ಚನ್ನು ಬಿಡಬಹುದು, ಕಾಲ್ನಡಿಗೆಯಲ್ಲಿ ಓಡಾಡಬಹುದು. ಕುಗ್ಗಿಸಬಾರದ ಸಂಗತಿಗಳು ಮೂರೇ: ಪ್ರಶ್ನೆಯ ಸ್ಪಷ್ಟತೆ, ಆಯ್ಕೆಯ ನಿಷ್ಪಕ್ಷಪಾತ, ಉತ್ತರವನ್ನು ಇದ್ದಂತೆ ಬರೆದುಕೊಳ್ಳುವ ಪ್ರಾಮಾಣಿಕತೆ. ಈ ಮೂರಕ್ಕೂ ಹಣ ಬೇಕಾಗಿಲ್ಲ. ಪ್ರೌಢಶಾಲೆಯ ಗಣಿತವನ್ನು ಬಲ್ಲ ವಿದ್ಯಾರ್ಥಿಯು ತನ್ನ ಮನೆಯವರಿಗೋ ನೆರೆಯವರಿಗೋ ಈ ಕೆಲಸವನ್ನು ಮಾಡಿಕೊಡಬಲ್ಲನು. ಪರೀಕ್ಷೆಯ ಕೊನೆಯಲ್ಲಿ 20 ಮನೆಗಳು ಸಿಕ್ಕದೆಹೋದರೆ ಶ್ರಮವೆಲ್ಲ ವ್ಯರ್ಥವಾಯಿತೆಂದು ಯಾರೂ ಕೊರಗಬೇಕಾಗಿಲ್ಲ. ಮೂರು ಸಾವಿರ ರೂಪಾಯಿ ಹೋಯಿತು, ನಿಜ. ಒಂದೂವರೆ ಲಕ್ಷ ಉಳಿಯಿತು. ಅದರಲ್ಲಿ ಅರ್ಧ ಹತ್ತು ಮನೆಗಳ ಉಳಿತಾಯವೆಂಬುದನ್ನೂ, ಇನ್ನರ್ಧ ತೀರಿಸಬೇಕಾಗಿ ಬರುತ್ತಿದ್ದ ಸಾಲವೆಂಬುದನ್ನೂ ನೆನೆದರೆ, ‘ಬೇಡ’ ಎಂಬ ಉತ್ತರದ ಬೆಲೆ ಎಷ್ಟೆಂಬುದು ತಿಳಿಯುತ್ತದೆ.